ನದಿಯ ಲಾಂಚಿನಿಂದ ಸಾಗರದ ಬೋಟು: ಇಲ್ಲಿವರೆಗಿನ ಕೆಲಸದ ಲೆಕ್ಕ

ಮೊದಲು ಬೋಟಿನ ವಿಷಯ. 12 ಮೀಟರ್ ಉದ್ದ, 3.9 ಮೀಟರ್ ಅಗಲ, ಸ್ಟೀಲಿನದು. ಗೋವಾದಲ್ಲಿ ಅದಿರಿನ ಕೆಲಸ ಜೋರಾಗಿದ್ದಾಗ ಜುವಾರಿ ನದಿಯ ಬಾರ್ಜುಗಳಿಗೆ ಖಲಾಸಿಗಳನ್ನೂ ರೇಷನ್ನನ್ನೂ ಮುಟ್ಟಿಸುತ್ತಿದ್ದ ಲಾಂಚು. 2012ರಲ್ಲಿ ಗಣಿ ನಿಂತಿತು, ಮಧ್ಯೆ ಸ್ವಲ್ಪ ಶುರುವಾಯಿತು, 2018ರಲ್ಲಿ ಸುಪ್ರೀಂ ಕೋರ್ಟು 88 ಲೀಸುಗಳನ್ನು ರದ್ದು ಮಾಡಿದ ಮೇಲೆ ಮತ್ತೆ ನಿಂತಿತು. ಬಾರ್ಜುಗಳ ಜೊತೆ ಇಂಥ ಎಷ್ಟೋ ಲಾಂಚುಗಳೂ ದಡ ಹತ್ತಿ ತುಕ್ಕು ಹಿಡಿಯುತ್ತಾ ಕೂತವು. ಅದರಲ್ಲಿ ಒಂದನ್ನು ನಾನೂ ನನ್ನ ಭಾವನೂ ಸೇರಿ ಗುಜರಿ ರೇಟಿಗೆ ತೆಗೆದುಕೊಂಡೆವು. ಭಾವ ಕುಮಟಾದವರು, ವಾಸ್ಕೋದಲ್ಲಿ ಡೀಸೆಲ್ ಮೆಕ್ಯಾನಿಕ್. ನನ್ನದು ಫ್ಯಾಬ್ರಿಕೇಶನ್ ಕೆಲಸ. ಕೊರ್ಟಾಲಿಂ ಹತ್ತಿರ ನದಿ ದಂಡೆಯ ಯಾರ್ಡಿನಲ್ಲಿ ಬೋಟನ್ನು ಮೇಲೆ ಎಳೆಸಿದೆವು.

ಹೋಗಬೇಕಾದದ್ದು ಎಲ್ಲಿಗೆ ಅಂದರೆ, ಗೋವಾದಿಂದ ಮಾಲ್ಡೀವ್ಸ್‌ನ ಮಾಲೆ, ಸುಮಾರು 675 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿ.ಮೀ., ಮುಂದೆ ಬರೀ ಮೈಲಿ ಅಂದರೂ ಇದೇ). ಅಲ್ಲಿಂದ ಸೆಶೆಲ್ಸ್‌ನ ವಿಕ್ಟೋರಿಯಾ, ಸುಮಾರು 1,200 ಮೈಲಿ. ಈ ಎರಡನೇ ಭಾಗವೇ ಇಡೀ ಕೆಲಸವನ್ನು ನಿರ್ಧರಿಸುವುದು. ನಡುವೆ ಒಂದು ಲೀಟರ್ ಡೀಸೆಲ್ ಕೊಡುವ ಜಾಗ ಇಲ್ಲ.

ಯಾರ್ಡಿಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ, ಎಂಜಿನ್ ಎಷ್ಟು ಹಾರ್ಸ್‌ಪವರ್‌ದು ಹಾಕ್ತೀರಿ, ದೊಡ್ಡದು ಬೇಕಲ್ವಾ ಅಂತ. ಬೇಡ. ಸಮುದ್ರ ದಾಟುವ ಬೋಟಿಗೆ ಮಾಡಬೇಕಾದ ಮೊದಲ ಬದಲಾವಣೆ ವೇಗ ಇಳಿಸುವುದು. ಅದಕ್ಕೆ ದುಡ್ಡೂ ಖರ್ಚಾಗುವುದಿಲ್ಲ.

ಲೆಕ್ಕ ಹೀಗಿದೆ. ನೀರಿನ ಮಟ್ಟದಲ್ಲಿ ನಮ್ಮ ಬೋಟಿನ ಉದ್ದ 11.2 ಮೀಟರ್, ಅಂದರೆ 36.7 ಅಡಿ. ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ 8.1 ನಾಟ್ ಬರುತ್ತದೆ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ನೀರನ್ನು ಸೀಳಿಕೊಂಡು ಹೋಗುವ ಇಂಥ ಬೋಟಿನ ಒಡಲಿಗೆ ಅದೇ ಮಿತಿ. ಅದರ ಹತ್ತಿರ ಹೋದ ಹಾಗೆಲ್ಲ ಬೋಟು ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ, ಡೀಸೆಲ್ ಸುಮ್ನೆ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ. ನಾವು ಅಳೆದು ನೋಡಿದಾಗ 6 ನಾಟ್‌ನಲ್ಲಿ ಗಂಟೆಗೆ 6 ಲೀಟರ್, 7 ನಾಟ್‌ನಲ್ಲಿ 10 ಲೀಟರ್, 8 ನಾಟ್‌ನಲ್ಲಿ 20 ಲೀಟರ್ ಕುಡಿಯಿತು. ಮೈಲಿ ಲೆಕ್ಕದಲ್ಲಿ ನೋಡಿದರೆ 6 ನಾಟ್‌ಗೆ ಒಂದು ಲೀಟರ್, 8 ನಾಟ್‌ಗೆ ಎರಡೂವರೆ. 1,800 ಲೀಟರ್ ತುಂಬಿಸಿ, ಐದನೇ ಒಂದು ಭಾಗವನ್ನು ಮುಟ್ಟದೆ ಇಟ್ಟುಕೊಂಡರೆ 6 ನಾಟ್‌ನಲ್ಲಿ 1,440 ಮೈಲಿ ಹೋಗಬಹುದು. ಅದೇ ಬೋಟು, ಅದೇ ಟ್ಯಾಂಕು, 8 ನಾಟ್‌ನಲ್ಲಿ ಓಡಿಸಿದರೆ 576 ಮೈಲಿ. ಮಾಲೆಯೂ ಮುಟ್ಟುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇದನ್ನು ಅರಿತವರು ಬಹಳ ಹಿಂದಿನಿಂದ ಇದ್ದಾರೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತುಕೊಂಡು ಹೋಗುವ ಮಂಜಿಗಳನ್ನು ನೋಡಿ, ಯಾವುದಕ್ಕೂ ಅವಸರ ಇಲ್ಲ. ಹೊರದೇಶದ ಉದಾಹರಣೆ ಬೇಕಾದರೆ ರಾಬರ್ಟ್ ಬೀಬಿ ಎಂಬ ಅಮೆರಿಕದ ನೌಕಾಪಡೆಯ ಅಧಿಕಾರಿ 1963ರಲ್ಲಿ ಸಿಂಗಪುರದಲ್ಲಿ ಕಟ್ಟಿಸಿದ 50 ಅಡಿಯ ಪ್ಯಾಸೇಜ್‌ಮೇಕರ್ ಇದೆ. ಅದರ ಮೊದಲ ಪ್ರಯಾಣವೇ ಸಿಂಗಪುರದಿಂದ ಗ್ರೀಸ್‌ಗೆ, ನಮ್ಮ ಹಿಂದೂ ಮಹಾಸಾಗರ ದಾಟಿಕೊಂಡು. ಗೋವಾದಲ್ಲೂ ಸಾಗರ ಸುತ್ತುವ ಬೋಟು ಕಟ್ಟುವ ಕೈಗಳು ಇವೆ. ದಿವಾರ್ ದ್ವೀಪದ ಯಾರ್ಡಿನಲ್ಲಿ ಕಟ್ಟಿ 2009ರಲ್ಲಿ ನೀರಿಗಿಳಿಸಿದ ಮಾದೇಯಿಯಲ್ಲೇ ದಿಲೀಪ್ ದೊಂಡೆ, ಆಮೇಲೆ ಅಭಿಲಾಷ್ ಟಾಮಿ ಒಬ್ಬೊಬ್ಬರೇ ಭೂಮಿ ಸುತ್ತಿ ಬಂದರು. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯ ಹೆಸರು ಹೊತ್ತ ಬೋಟದು. ಆದರೆ ಅದು ಹಾಯಿಯ ಬೋಟು, ಗಾಳಿಯನ್ನು ದಡದಿಂದಲೇ ತುಂಬಿಕೊಂಡು ಹೊರಡಬೇಕಾಗಿಲ್ಲ, ದಾರಿಯಲ್ಲೇ ಸಿಗುತ್ತದೆ. ನಮ್ಮಂಥ ಎಂಜಿನ್ ಬೋಟು ಪ್ರತಿ ಮೈಲಿಯನ್ನೂ ಟ್ಯಾಂಕಿನಲ್ಲಿ ಹೊತ್ತೇ ಹೊರಡಬೇಕು.

ಹಾಗಾಗಿ ಎಂಜಿನ್ ಇದ್ದದ್ದೇ ಇಟ್ಟುಕೊಂಡೆವು, ಆರು ಸಿಲಿಂಡರಿನ ಲೇಲ್ಯಾಂಡ್. ಮಲ್ಪೆ, ಕಾರವಾರ, ವಾಸ್ಕೋ, ರತ್ನಾಗಿರಿ, ಎಲ್ಲಿ ಹೋದರೂ ಅದರ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಕಟ್ಟುವವರೂ ಸಿಗುತ್ತಾರೆ. 6 ನಾಟ್‌ಗೆ ಶಾಫ್ಟಿನಲ್ಲಿ 18 ಕಿಲೋವ್ಯಾಟ್ ಸಾಕು, ಎಂಜಿನ್ನಿಗೆ ಅದು ಬಹಳ ಕಡಿಮೆ ಲೋಡು. ದಿನಗಟ್ಟಲೆ ಹಾಗೆ ಓಡಿದರೆ ಮಸಿ ಕಟ್ಟುತ್ತದೆ, ಲೈನರ್ (ಸಿಲಿಂಡರಿನ ಒಳಗೋಡೆ) ನುಣುಪಾಗಿ ಆಯಿಲ್ ಸುಡಲು ಶುರುವಾಗುತ್ತದೆ. ಅದಕ್ಕೆ ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ರೇಸ್ ಏರಿಸಿ ಓಡಿಸುವುದು ಅಂತ ಭಾವ ಬೋರ್ಡಿನ ಮೇಲೆ ಬರೆದೇ ಇಟ್ಟಿದ್ದಾರೆ.

ಒಡಲಿನ ಕೆಲಸ ಜಾಸ್ತಿ ವಿವರಿಸುವುದಿಲ್ಲ, ಎಲ್ಲ ಸ್ಟೀಲ್ ಬೋಟಿನ ಕಥೆಯೇ. ಅಲ್ಟ್ರಾಸೋನಿಕ್ ಗೇಜ್ ಹಿಡಿದು ಇಡೀ ತಳ ಅಳೆಸಿದೆವು. ಮೂಲ ಪ್ಲೇಟು 6 ಮಿ.ಮೀ. 4.5ಕ್ಕಿಂತ ಕೆಳಗೆ ಬಂದ ಕಡೆಯೆಲ್ಲ ಕತ್ತರಿಸಿ ಹೊಸ ಪ್ಲೇಟು ಹಾಕಿ, ಒಲೆಯಲ್ಲಿ ಒಣಗಿಸಿದ 7018 ರಾಡಿನಲ್ಲಿ ವೆಲ್ಡ್ ಮಾಡಿದೆವು. ಎಂಜಿನ್ ರೂಮಿನ ಬಿಲ್ಜ್ (ನೀರು ಬಂದು ನಿಲ್ಲುವ ತಳಭಾಗ) ಮತ್ತು ಹಿಂಬದಿಯ ಟಾಯ್ಲೆಟ್ ಕೆಳಗೆ ಜಾಸ್ತಿ ಹೋಗಿತ್ತು, ಉಳಿದದ್ದು ಗಟ್ಟಿ.

ಟ್ಯಾಂಕಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಡುನೀರಿನಲ್ಲಿ ಎಂಜಿನ್ ನಿಲ್ಲುವುದು ಹೆಚ್ಚಾಗಿ ಟ್ಯಾಂಕಿನ ಕೊಳೆಯಿಂದ, ಎಂಜಿನ್ನಿನ ದೋಷದಿಂದ ಅಲ್ಲ. ಹಳೆಯ ಎರಡು ಟ್ಯಾಂಕು ತಲಾ 400 ಲೀಟರಿನವು. ಮುಚ್ಚಳದ ಬೋಲ್ಟ್ ಬಿಚ್ಚಿ ಟಾರ್ಚ್ ಬಿಟ್ಟಾಗ ಮೇಲೆ ಡೀಸೆಲ್ ಜೇನಿನ ಬಣ್ಣದಲ್ಲಿ ಚೆನ್ನಾಗಿಯೇ ಇತ್ತು. ಕಡ್ಡಿ ಇಳಿಸಿದರೆ ತಳದಲ್ಲಿ ನಾಲ್ಕು ಬೆರಳು ನೀರು, ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಹಾಲಿನ ಕೆನೆಯ ಹಾಗೆ ಕಡ್ಡಿಗೆ ಸುತ್ತಿಕೊಳ್ಳುವ ಕಪ್ಪು ಪೊರೆ, ಹುಳಿ ವಾಸನೆ. ಅದು ಶಿಲೀಂಧ್ರ. ನೀರಿನಲ್ಲಿದ್ದು ಡೀಸೆಲ್ ತಿಂದು ಬೆಳೆಯುತ್ತದೆ. ನದಿಯಲ್ಲಿ ಓಡುವಾಗ ಅದು ತಳದಲ್ಲೇ ಕೂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೊರಗಿನ ಅಲೆಯಲ್ಲಿ ಅರ್ಧ ದಿನ ಕುಲುಕಿದರೆ ಎಲ್ಲ ಕಲಕಿ ಎದ್ದು ಫಿಲ್ಟರಿಗೆ ಬಂದು ಕೂರುತ್ತದೆ. ಬೋಟು ಜಾಸ್ತಿ ಓಲಾಡುವ ಹೊತ್ತಿಗೇ ಎಂಜಿನ್ ಉಸಿರು ಕಟ್ಟುತ್ತದೆ.

ಎರಡನ್ನೂ ಪೂರ್ತಿ ತೊಳೆದು, ಪ್ರತಿ ಖಾನೆಗೂ ಕೈ ಹೋಗುವ ಮುಚ್ಚಳ ಮಾಡಿದೆವು. ಹೊಸದಾಗಿ ತಲಾ 500 ಲೀಟರಿನ ಎರಡು ಟ್ಯಾಂಕು ಕಟ್ಟಿದೆವು, 5 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ. ಸತು ಲೇಪಿಸಿದ ಜಿಐ ಯಾಕೆ ಬೇಡ ಅಂದರೆ ಸತು ಡೀಸೆಲ್ಲಿಗೆ ಆಗುವುದಿಲ್ಲ, ತಾಮ್ರದ ಪೈಪೂ ಅಷ್ಟೆ. ಸ್ಟೇನ್‌ಲೆಸ್ ನೋಡಲು ಚೆಂದ, ಆದರೆ ತಳದಲ್ಲಿ ಉಪ್ಪುನೀರು ನಿಂತರೆ ಅದಕ್ಕೂ ಸಣ್ಣ ಸಣ್ಣ ತೂತು ಬೀಳುತ್ತದೆ. ಎಂಎಸ್ ಒಳಗೆ ಬಣ್ಣ ಬೇಡ, ಡೀಸೆಲ್ಲೇ ಕಾಯುತ್ತದೆ, ಹೊರಗೆ ಎಪಾಕ್ಸಿ. ತಳ ಒಂದು ಮೂಲೆಗೆ ಇಳಿಜಾರು, ಆ ಮೂಲೆಯಲ್ಲಿ ಸಣ್ಣ ಗುಂಡಿ, ಗುಂಡಿಯಿಂದ ನೀರು ಬಿಡುವ ವಾಲ್ವು. 0.2 ಬಾರ್ ಗಾಳಿ ತುಂಬಿ ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡಿದೆವು.

ಟ್ಯಾಂಕಿನ ಆಕಾರದ ಬಗ್ಗೆಯೂ ಒಂದು ಮಾತು. ಅರ್ಧ ತುಂಬಿದ ಅಗಲವಾದ ಟ್ಯಾಂಕು ಬೋಟು ವಾಲಿದ ಕಡೆಗೇ ತೂಕವನ್ನು ಓಡಿಸುತ್ತದೆ, ವಾಲಿದ್ದನ್ನು ಇನ್ನೂ ವಾಲಿಸುತ್ತದೆ. ನಡುವೆ ಉದ್ದಕ್ಕೆ ಒಂದು ಪೂರ್ತಿ ಗೋಡೆ ಹಾಕಿ ಎಡಬಲ ಬೇರೆ ಮಾಡಿದರೆ ಈ ತೊಂದರೆ ಕಾಲು ಭಾಗಕ್ಕೆ ಇಳಿಯುತ್ತದೆ, ಅರ್ಧಕ್ಕಲ್ಲ, ಯಾಕೆಂದರೆ ಅದು ಅಗಲದ ಘನದ ಲೆಕ್ಕದಲ್ಲಿ ಬೆಳೆಯುತ್ತದೆ. ತೂತಿರುವ ತಡೆಹಲಗೆಗಳು ಬೇರೆ, ಅವು ತುಳುಕುವ ಸದ್ದು ಮತ್ತು ಪೆಟ್ಟನ್ನು ತಡೆಯುತ್ತವೆ, ನಿಧಾನವಾಗಿ ಒಂದು ಕಡೆ ಹರಿಯುವುದನ್ನಲ್ಲ. ಎರಡೂ ಬೇಕು. 1,800 ಲೀಟರ್ ಅಂದರೆ ಒಂದೂವರೆ ಟನ್, ಅದನ್ನು ಆದಷ್ಟು ಕೆಳಗೆ, ಬೋಟಿನ ಮಧ್ಯಕ್ಕೇ ಇಟ್ಟೆವು. ಖಾಲಿಯಾಗುತ್ತಾ ಬಂದಾಗ ಮೂತಿ ಏಳುವುದಾಗಲಿ ಹಿಂಭಾಗ ಏಳುವುದಾಗಲಿ ಆಗಬಾರದು.

ಈ ನಾಲ್ಕೂ ಟ್ಯಾಂಕಿನಿಂದ ಎಂಜಿನ್ ನೇರವಾಗಿ ಕುಡಿಯುವುದಿಲ್ಲ. ಮೇಲೆ 80 ಲೀಟರಿನ ಡೇ ಟ್ಯಾಂಕು ಇದೆ, ಪಂಪು ಮತ್ತು ಫಿಲ್ಟರ್ ಮೂಲಕ ಅದಕ್ಕೆ ತುಂಬಿಸುವುದು, ಅಲ್ಲಿಂದ ಎಂಜಿನ್ನಿಗೆ ತಾನಾಗಿ ಇಳಿಯುತ್ತದೆ. ಪಕ್ಕದಲ್ಲಿ ಮಟ್ಟ ತೋರಿಸುವ ಕೊಳವೆ, ಲೀಟರ್ ಗೆರೆ ಹಾಕಿದ್ದೇವೆ. ಗಂಟೆಗೆ ಎಷ್ಟು ಹೋಯಿತು ಅಂತ ಮೀಟರ್ ಇಲ್ಲದೆ ಕಣ್ಣಿಗೆ ಕಾಣುತ್ತದೆ, ಮೇಲಿನ ಲೆಕ್ಕ ಸಿಕ್ಕಿದ್ದೂ ಇದರಿಂದಲೇ. ಮೊದಲ ಫಿಲ್ಟರ್ ಎರಡು ಅಕ್ಕಪಕ್ಕ, 10 ಮೈಕ್ರಾನಿನವು, ಮಧ್ಯೆ ತಿರುಗಿಸುವ ವಾಲ್ವು. ಒಂದು ಕಟ್ಟಿಕೊಂಡರೆ ಹಿಡಿ ತಿರುಗಿಸಿ ಇನ್ನೊಂದಕ್ಕೆ ಬದಲಾಯಿಸಿ, ಎಂಜಿನ್ ಓಡುತ್ತಿರುವಾಗಲೇ ಕೊಳೆಯಾದದ್ದನ್ನು ತೆಗೆಯಬಹುದು. ಮೇಲೆ ವ್ಯಾಕ್ಯೂಮ್ ಗೇಜ್ ಇದೆ, ಮುಳ್ಳು ಏರುತ್ತಾ ಬಂದರೆ ಫಿಲ್ಟರ್ ಕಟ್ಟುತ್ತಿದೆ ಅಂತ ಅರ್ಥ, ಎಂಜಿನ್ ಕೆಮ್ಮುವವರೆಗೆ ಕಾಯಬೇಕಾಗಿಲ್ಲ. ಇಡೀ ಬೋಟಿನಲ್ಲಿ ಖರ್ಚು ಮಾಡಿದ ದುಡ್ಡಿಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಇದೇ.

ಈಗ ಮಗುಚುವ ವಿಷಯ. ಲಾಂಚಿನ ಮೇಲೆ ಯಾರೋ ಹಿಂದಿನವರು ಕಬ್ಬಿಣದ ಶೀಟಿನ ಚಾವಣಿ, ಬೆಂಚು ಎಲ್ಲ ಹಾಕಿಸಿದ್ದರು. ನದಿಗೆ ಸರಿ, ಹೊರಗೆ ಆಗುವುದಿಲ್ಲ. ಅದನ್ನು ತೆಗೆಯುವ ಮುಂಚೆ ಒಂದು ಪರೀಕ್ಷೆ ಮಾಡಿದೆವು, ಯಾರು ಬೇಕಾದರೂ ಮಾಡಬಹುದು. ನೀರು ನಿಂತ ಹೊತ್ತಿನಲ್ಲಿ, ಹಗ್ಗ ಸಡಿಲ ಬಿಟ್ಟು, ನಾಲ್ಕು ಜನ ಒಂದು ಅಂಚಿನಲ್ಲಿ ತಾಳಕ್ಕೆ ಸರಿಯಾಗಿ ತುಳಿದು ಬೋಟನ್ನು ಓಲಾಡಿಸಿ, ಆಮೇಲೆ ಸುಮ್ಮನೆ ನಿಂತು ಹತ್ತು ಓಲಾಟಕ್ಕೆ (ಆ ಕಡೆ ಹೋಗಿ ಮರಳಿ ಬಂದರೆ ಒಂದು) ಎಷ್ಟು ಸೆಕೆಂಡು ಅಂತ ನೋಡುವುದು. 50 ಸೆಕೆಂಡು ಬಂತು, ಒಂದಕ್ಕೆ 5. ಅಗಲ 3.9 ಮೀಟರನ್ನು 0.8ರಿಂದ ಗುಣಿಸಿ, 5ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಜಿಎಂ ಸಿಗುತ್ತದೆ, ಅಂದರೆ ವಾಲಿದ ಬೋಟನ್ನು ಎಬ್ಬಿಸಿ ನಿಲ್ಲಿಸುವ ಬಲದ ಅಳತೆ. ನಮಗೆ 0.39 ಮೀಟರ್. ಚಾವಣಿ ಕಿತ್ತು, ಬ್ಯಾಟರಿಗಳನ್ನು ಎಂಜಿನ್ ರೂಮಿನ ತಳಕ್ಕೆ ಇಳಿಸಿ, ಟ್ಯಾಂಕು ತುಂಬಿಸಿ ನೋಡಿದಾಗ 4.2 ಸೆಕೆಂಡು, ಜಿಎಂ 0.55. ಟ್ಯಾಂಕು ತಳ ಕಂಡಾಗಲೂ ನೋಡಬೇಕು, ಅದೇ ಕೆಟ್ಟ ಸ್ಥಿತಿ: 4.4 ಸೆಕೆಂಡು, 0.50. ಇನ್ನೂ ಗಡುಸು ಮಾಡಬಹುದಿತ್ತು, ಆದರೆ ತೀರಾ ಬೇಗ ಎದ್ದು ನಿಲ್ಲುವ ಬೋಟಿನಲ್ಲಿ ಮನುಷ್ಯರು ನಿಲ್ಲಲಾಗುವುದಿಲ್ಲ, ಎಂಟು ದಿನ ಹಾಗೆ ಎಸೆದಾಡಿದರೆ ಅಡುಗೆಯೂ ಇಲ್ಲ ನಿದ್ದೆಯೂ ಇಲ್ಲ.

ಇದು ಸಣ್ಣ ವಾಲಾಟದ ಲೆಕ್ಕ ಮಾತ್ರ. ದೊಡ್ಡದಾಗಿ ವಾಲಿದಾಗ ಬೋಟು ಉಳಿಯುವುದು ಒಳಗೆ ನೀರು ಹೋಗದಿದ್ದರೆ. ಹಿಂಬದಿಯ ಡೆಕ್ 3 ಮೀಟರ್ ಉದ್ದ, 3.2 ಅಗಲ, ಸುತ್ತ 60 ಸೆಂಟಿಮೀಟರ್ ಎತ್ತರದ ಕಟ್ಟೆ. ಒಂದು ಅಲೆ ಹಿಂದಿನಿಂದ ಬಂದು ಅದನ್ನು ತುಂಬಿಸಿದರೆ 5.76 ಘನ ಮೀಟರ್ ನೀರು, ಉಪ್ಪುನೀರು ಘನ ಮೀಟರಿಗೆ 1,025 ಕೆ.ಜಿ., ಹತ್ತಿರ ಹತ್ತಿರ ಆರು ಟನ್. ಬೋಟಿನ ಒಟ್ಟು ತೂಕವೇ 16 ಟನ್! ಮೊದಲಿದ್ದ ನೀರು ಹೋಗುವ ಪೈಪು ಎರಡು ಇಂಚಿನವು ಎರಡು. ಕಟ್ಟೆಯ ಬುಡದಲ್ಲಿ 40 ಸೆಂಟಿಮೀಟರ್ ಉದ್ದ, 25 ಎತ್ತರದ ಕಿಂಡಿ ಒಂದೊಂದು ಕಡೆ ಎರಡೆರಡು ಕತ್ತರಿಸಿದೆವು, ಹೊರಕ್ಕೆ ಮಾತ್ರ ತೆರೆಯುವ ಬಾಗಿಲು ಹಾಕಿ. ಕ್ಯಾಬಿನ್ ಬಾಗಿಲಿನ ಹೊಸ್ತಿಲು ಎತ್ತರಿಸಿದೆವು. ಮುಂದಿನ ಕಿಟಕಿಗಳಲ್ಲಿ ರಬ್ಬರ್ ಬೀಡಿಂಗಿನ 6 ಮಿ.ಮೀ. ಗಾಜಿತ್ತು, ಹಳೇ ಬಸ್ಸಿನ ತರಹದ್ದು. ಅದನ್ನು ತೆಗೆದು ಕಿಂಡಿ ಚಿಕ್ಕದು ಮಾಡಿ, ಬೋಲ್ಟ್ ಹಾಕಿದ ಫ್ರೇಮಿನಲ್ಲಿ 12 ಮಿ.ಮೀ. ಟಫನ್ಡ್ ಗಾಜು, ಮೇಲೆ ಸಿಕ್ಕಿಸಲು 10 ಮಿ.ಮೀ. ಪಾಲಿಕಾರ್ಬನೇಟ್ ಹಲಗೆ. ಎಂಜಿನ್ ರೂಮಿಗೆ ಗಾಳಿ ಹೋಗುವ ತೂತು ಬದಿಯಲ್ಲಿತ್ತು, ಅದನ್ನು ಮುಚ್ಚಿ ಮಧ್ಯದಲ್ಲಿ ಮೇಲಕ್ಕೆ ಒಯ್ದೆವು.

ಹೊನ್ನಾವರ ಕಡೆಯ ಒಬ್ಬ ಹಿರಿಯ ತಾಂಡೇಲರು (ಬೋಟಿನ ಮುಖ್ಯಸ್ಥರು) ವಾಸ್ಕೋದ ಖಾರಿವಾಡದಲ್ಲಿ ಇದ್ದಾರೆ, ಇಡೀ ಆಯಸ್ಸು ಟ್ರಾಲರ್ ಓಡಿಸಿದವರು. ಅವರನ್ನು ಕರೆಸಿ ತೋರಿಸಿದಾಗ ಸುತ್ತ ಒಂದು ಸಲ ನಡೆದು, "ತಮ್ಮಾ, ಎಲ್ಲ ಸರಿ, ಬಲೆ ನೀರಲ್ಲಿ ಇಲ್ಲದ ಬೋಟು ಎಷ್ಟು ಓಲಾಡ್ತದೆ ಗೊತ್ತುಂಟಾ?" ಅಂದರು. "ಅದಕ್ಕೇ ಮೀನು ಕಟ್ಟಿಸ್ತಾ ಇದ್ದೇವೆ ಅಣ್ಣಾ," ಅಂದೆ. ಮೀನು ಅಂದರೆ ಪ್ಯಾರಾವೇನ್. ಬೋಟಿನ ಎರಡೂ ಬದಿಗೆ 45 ಡಿಗ್ರಿ ಕೋನದಲ್ಲಿ ಉದ್ದ ಕಂಬ ಚಾಚಿ, ಅದರ ತುದಿಯಿಂದ ನೀರಿನೊಳಗೆ ನಾಲ್ಕೈದು ಮೀಟರ್ ಆಳದಲ್ಲಿ ಒಂದೊಂದು ರೆಕ್ಕೆಯ ಹಲಗೆಯನ್ನು ಎಳೆದುಕೊಂಡು ಹೋಗುವುದು. ಹಲಗೆಯ ಮೂತಿಗೆ ಸೀಸ ಎರಕ ಹೊಯ್ದಿರುತ್ತದೆ. ಕಂಬ ಕೆಳಗೆ ಬಂದಾಗ ಹಗ್ಗ ಸಡಿಲವಾಗಿ ಮೂತಿಯ ಭಾರಕ್ಕೆ ಹಲಗೆ ಕೆಳಗೆ ಧುಮುಕುತ್ತದೆ. ಕಂಬ ಮೇಲೆ ಹೋಗಲು ನೋಡಿದಾಗ ಹಲಗೆ ಚಪ್ಪಟೆಯಾಗಿ ನಿಂತು ಅದನ್ನು ಏಳಗೊಡುವುದಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಮೀನುಗಾರರಿಂದ ಬಂದ ಉಪಾಯ. ತಾಂಡೇಲರಿಗೆ ಎರಡು ಮಾತಿನಲ್ಲಿ ಅರ್ಥವಾಯಿತು, ಟ್ರಾಲ್ ಬಲೆಯ ಬಾಯಿ ಅಗಲಿಸುವ ಹಲಗೆಯೂ ನೀರನ್ನು ಹೀಗೇ ಹಿಡಿಯುತ್ತದಲ್ಲ. ಆ ಹಲಗೆ ಮಾಡುವವರಿಂದಲೇ ನಮ್ಮದನ್ನೂ ಮಾಡಿಸಿದೆವು. ಕಂಬಕ್ಕೆ 80 ಮಿ.ಮೀ. ಪೈಪು, ಡೆಕ್ಕಿಗೆ ಹಿಂಜ್ ಕೂರುವ ಕಡೆ ಕೆಳಗೆ ಫ್ರೇಮಿನವರೆಗೂ ಇಳಿದ ಗಸೆಟ್, ಅಂದರೆ ಬಲ ಕೊಡುವ ಪ್ಲೇಟು.

ಮುರ್ಮುಗೋವಾದ ಬ್ರೇಕ್‌ವಾಟರ್ ದಾಟಿ ಹೊರಗೆ, ಬದಿಯಿಂದ ಬರುವ ಅಲೆಯಲ್ಲಿ ಮೀನು ಇಳಿಸಿದೆವು. ಓಲಾಟ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು. ಸ್ಟೌವಿನ ಮೇಲೆ ಚಹಾ ಪಾತ್ರೆ ಕೈಬಿಟ್ಟು ಇಟ್ಟರೂ ನಿಂತಿತು. ಆದರೆ ಕರಾವಳಿಯ ಹತ್ತಿರ ಇವನ್ನು ಇಳಿಸುವಂತಿಲ್ಲ, ದೀಪವಿಲ್ಲದ ಬಲೆಗಳು, ಬಲೆಯ ತೇಲುಗುಂಡುಗಳು ರಾತ್ರಿ ಕಾಣುವುದೇ ಇಲ್ಲ. ಬಲೆ ಹರಿದರೆ ಮೀನುಗಾರನ ಹೊಟ್ಟೆಗೂ ಪೆಟ್ಟು, ನಮ್ಮ ಕಂಬಕ್ಕೂ ಪೆಟ್ಟು. ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆ ಸುತ್ತದ ಹಾಗೆ ಶಾಫ್ಟಿನ ಮೇಲೆ ಹಗ್ಗ ಕತ್ತರಿಸುವ ಬ್ಲೇಡೂ ಹಾಕಿದ್ದೇವೆ.

ಮುಖ್ಯ ಎಂಜಿನ್ ಕೈಕೊಟ್ಟರೆ ಏನು? ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದ ಲೆಕ್ಕದಲ್ಲಿ ಇಳಿಯುತ್ತದೆ. 6 ನಾಟ್‌ಗೆ 18 ಕಿಲೋವ್ಯಾಟ್ ಆದರೆ 4 ನಾಟ್‌ಗೆ ಐದು ಚಿಲ್ಲರೆ ಸಾಕು. ಹಾಗಾಗಿ ಎರಡು ಸಿಲಿಂಡರಿನ 15 ಎಚ್‌ಪಿ ಕಿರ್ಲೋಸ್ಕರ್ ಒಂದನ್ನು ಪಕ್ಕದಲ್ಲಿ ಕೂರಿಸಿ, ಅದಕ್ಕೇ ಬೇರೆ ಶಾಫ್ಟು, ಮಡಚುವ ಫ್ಯಾನು, ಬೇರೆ ಸಣ್ಣ ಟ್ಯಾಂಕು, ಬೇರೆ ಫಿಲ್ಟರು ಕೊಟ್ಟೆವು. ಎರಡಕ್ಕೂ ಒಂದೇ ಡೀಸೆಲ್ ಲೈನು ಕೊಟ್ಟರೆ ಎರಡೂ ಒಟ್ಟಿಗೇ ನಿಲ್ಲುತ್ತವೆ, ಆಗ ಎರಡನೆಯದು ಇದ್ದೂ ಇಲ್ಲದ ಹಾಗೆ.

ಸಂಪರ್ಕದ ಸಾಮಾನಿನ ಬಗ್ಗೆ ಗೋವಾದಲ್ಲಿ ಬೋಟು ಇಟ್ಟವರು ತಿಳಿದಿರಲೇಬೇಕಾದ್ದು ಒಂದಿದೆ. ಥುರಾಯಾ, ಇರಿಡಿಯಂ ಸ್ಯಾಟಲೈಟ್ ಫೋನನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೊರಗಿನಿಂದ ಬರುವ ಸ್ನೇಹಿತರ ಕೈಲಿ ತರಿಸಲು ಹೋಗಬೇಡಿ. ನಮ್ಮ ಮುಖ್ಯ ಭರವಸೆ ಇಪರ್ಬ್, ಅಂದರೆ ಅಪಾಯದಲ್ಲಿ ಬೋಟು ಎಲ್ಲಿದೆ ಅಂತ ತಿಳಿಸುವ ತುರ್ತು ರೇಡಿಯೋ ಸಾಧನ, 406 ಮೆಗಾಹರ್ಟ್ಜ್‌ನದು. ಒಮ್ಮೆ ಚಾಲೂ ಆದರೆ ಕನಿಷ್ಠ 48 ಗಂಟೆ ಕೂಗುತ್ತಿರುತ್ತದೆ. ಅದರ ಕೂಗು ಉಪಗ್ರಹದ ಮೂಲಕ ಇಸ್ರೋದ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರಕ್ಕೆ ಬಂದು, ಅಲ್ಲಿಂದ ಕೋಸ್ಟ್ ಗಾರ್ಡಿನ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ನೋಂದಣಿ ಮಾಡದೆ ಇಟ್ಟರೆ ಯಾರ ಬೋಟು, ಎಷ್ಟು ಜನ, ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ, ದಯವಿಟ್ಟು ನೋಂದಣಿ ಮಾಡಿಸಿ. ತೀರದ ಹತ್ತಿರ ಇರುವಾಗ ಮೊಬೈಲಿಂದ 1554, ವಿಎಚ್ಎಫ್‌ನಲ್ಲಿ ಚಾನೆಲ್ 16.

ಈಗ ಉಳಿದಿರುವುದು ದಾರಿಯ ಲೆಕ್ಕ, ಅದನ್ನು ಮೀನುಗಳು ಬದಲಾಯಿಸಿವೆ. ಎರಡೂ ಮೀನು ನೀರಲ್ಲಿ ಇದ್ದಾಗ ವೇಗ 5.5 ನಾಟ್‌ಗೆ ಇಳಿಯಿತು, ಡೀಸೆಲ್ ಗಂಟೆಗೆ 6.3 ಲೀಟರ್. ಅಂದರೆ ಐದನೇ ಒಂದು ಭಾಗ ಕಾದಿರಿಸಿದ ಮೇಲೆ ಸುಮಾರು 1,250 ಮೈಲಿ. ಮಾಲೆಯಿಂದ ವಿಕ್ಟೋರಿಯಾಕ್ಕೆ 1,200 ಇರುವಾಗ ಇದು ನನಗೆ ಸಮಾಧಾನವಿಲ್ಲ. ಡೆಕ್ ಮೇಲೆ ಡ್ರಮ್ ಕಟ್ಟೋಣ ಅಂತ ಭಾವ ಅಂದರು, ಅಷ್ಟು ಕಷ್ಟಪಟ್ಟು ಕೆಳಗೆ ಇಳಿಸಿದ ತೂಕವನ್ನು ಮತ್ತೆ ಮೇಲೆ ಹತ್ತಿಸುವುದು ಬೇಡ ಅಂದೆ. ಅದರ ಬದಲು ಮಾಲೆಯಿಂದ ಸುಮಾರು 290 ಮೈಲಿ ದಕ್ಷಿಣಕ್ಕೆ ಇಳಿದು ಅಡ್ಡು ಹವಳದ್ವೀಪದ ಗಾನ್‌ಗೆ ಹೋಗಿ ಅಲ್ಲಿ ಟ್ಯಾಂಕು ತುಂಬಿಸುವುದು. ಅಲ್ಲಿಂದ ವಿಕ್ಟೋರಿಯಾ 1,090 ಮೈಲಿ.

ಹೊರಡುವ ತಿಂಗಳೂ ಅಷ್ಟೇ ಮುಖ್ಯ. ಗಾಳಿ ಕಡಿಮೆ ಅಂತ ಏಪ್ರಿಲ್ ಆರಿಸಬಹುದು, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಸಮಭಾಜಕ ವೃತ್ತದ ಉದ್ದಕ್ಕೂ ಪೂರ್ವಕ್ಕೆ ಜೋರಾದ ಹರಿವು ಏಳುತ್ತದೆ. ಕ್ಲಾಸ್ ವಿರ್ಟ್ಕಿ 1973ರಲ್ಲಿ ವಿವರಿಸಿದ್ದರಿಂದ ಅವರ ಹೆಸರಲ್ಲೇ ಕರೆಯುತ್ತಾರೆ. ಎದುರಿನಿಂದ ಒಂದು ನಾಟ್ ಹರಿವು ಬಂದರೂ 5.5 ಇದ್ದದ್ದು 4.5 ಆಗುತ್ತದೆ, 1,250 ಮೈಲಿ ಸಾವಿರದ ಹತ್ತಿರಕ್ಕೆ ಇಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಸಮಭಾಜಕದ ಉತ್ತರಕ್ಕೆ ನೀರು ಪಶ್ಚಿಮಕ್ಕೆ ಹರಿಯುತ್ತದೆ, ದಕ್ಷಿಣಕ್ಕೆ ಇಳಿದರೆ ಪೂರ್ವಕ್ಕೆ. ಅದಕ್ಕೆ ಜನವರಿಯಲ್ಲಿ ಗೋವಾ ಬಿಟ್ಟು, ಫೆಬ್ರವರಿಯಲ್ಲಿ ಗಾನ್‌ನಿಂದ ಸ್ವಲ್ಪ ಉತ್ತರಕ್ಕೆ ಏರಿ, ಆ ಹರಿವಿನಲ್ಲೇ ಪಶ್ಚಿಮಕ್ಕೆ ಸಾಗಿ, ಸೆಶೆಲ್ಸ್ ಹತ್ತಿರ ಬಂದ ಮೇಲೆ ದಕ್ಷಿಣಕ್ಕೆ ತಿರುಗುವುದು ಅಂತ ಚಾರ್ಟ್ ಮೇಲೆ ಗೆರೆ ಎಳೆದಿದ್ದೇವೆ. ಏರಿ ಇಳಿಯಲು ಒಂದಷ್ಟು ಮೈಲಿ ಜಾಸ್ತಿ ಆಗುತ್ತದೆ, ಅದನ್ನೂ ಸೇರಿಸಿ ಡೀಸೆಲ್ ಸಾಲುತ್ತದೆ.